ಓದುವ ತಾಯಿ ಮತ್ತು ‘ಕುಟುಂಬ’ದ ವ್ಯಾಖ್ಯೆ: ಉಡುಪಿ ಜಿಲ್ಲೆಯ ನೆಲೆಯಲ್ಲಿ ಒಂದು ವಿವೇಚನೆ

ಉಡುಪಿ ಪರಿಸರದ ಶೈಕ್ಷಣಿಕ ಚರಿತ್ರೆ ಸಾಕಷ್ಟು ದಾಖಲಾಗಿದೆ. 1942ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1949ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1960ರಲ್ಲಿ ಕಾರ್ಕಳದ ಶ್ರೀ ಭುವನೇಂದ್ರ ಕಾಲೇಜು ಸ್ಥಾಪನೆಗೊಂಡವು. ಈ ಬಾಗಿಲುಗಳನ್ನು ಮಗುವನ್ನು ಮನೆಯಲ್ಲಿ ಬಿಟ್ಟು ಪ್ರವೇಶಿಸುವ ವಿದ್ಯಾರ್ಥಿನಿಯ ವಿಷಯ ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ವಿದ್ಯಾರ್ಥಿವೇತನದ ನಿಯಮಗಳು ಅವಿವಾಹಿತ ತರುಣರನ್ನೂ, ಕಲ್ಯಾಣ ಯೋಜನೆಗಳು ಓದು ಮುಗಿಸಿದ ಗೃಹಿಣಿಯನ್ನೂ ಮನಸ್ಸಿನಲ್ಲಿಟ್ಟುಕೊಂಡು ರಚಿತವಾದಂತೆ ತೋರುತ್ತವೆ. ಓದುವ ತಾಯಿ ಇವೆರಡರ ನಡುವೆ ನಿಲ್ಲುತ್ತಾಳೆ. ಅವಳ ತೊಡಕಿನ ಮೂಲವಿರುವುದು ಹಣದ ಕೊರತೆಗಿಂತ ಹೆಚ್ಚಾಗಿ, ಒಂದೊಂದು ಯೋಜನೆಯೂ ‘ಕುಟುಂಬ’ವೆಂಬುದಕ್ಕೆ ಕೊಡುವ ಭಿನ್ನ ಅರ್ಥದಲ್ಲಿ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಈ ಯೋಜನೆಯ 2010ರ ಪರಿಷ್ಕೃತ ನಿಯಮಾವಳಿಯು ತಂದೆತಾಯಿಯರ ಆದಾಯವನ್ನು ಗಣನೆಗೆ ತೆಗೆದುಕೊಳ್ಳಬೇಕೆಂದು ಹೇಳಿ, ಉದ್ಯೋಗವಿಲ್ಲದ ವಿವಾಹಿತ ವಿದ್ಯಾರ್ಥಿನಿಯಾದರೆ ಗಂಡನ ಆದಾಯವನ್ನು ಪರಿಗಣಿಸಬೇಕೆಂದು ವಿಧಿಸಿತು. ಮೇಲ್ನೋಟಕ್ಕೆ ಇದು ಸಹಜ. ಆದರೆ ತುಳುನಾಡಿನ ಕೌಟುಂಬಿಕ ವಾಸ್ತವ ಇಷ್ಟು ಸರಳವಲ್ಲ. ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳಲ್ಲಿ ರೂಢಿಯಲ್ಲಿದ್ದ ಅಳಿಯಸಂತಾನ ಪದ್ಧತಿಯಲ್ಲಿ ಹೆಣ್ಣು ಮದುವೆಯ ನಂತರವೂ ತಾಯಿಮನೆಯ ಸದಸ್ಯೆಯಾಗಿಯೇ ಉಳಿಯುತ್ತಿದ್ದಳು. 1949ರ ಮದರಾಸು ಅಳಿಯಸಂತಾನ ಕಾಯಿದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳ ನಂತರ ಆಸ್ತಿಯ ನಿಯಮ ಬದಲಾಯಿತಾದರೂ ತಾಯಿಮನೆಯ ಆಸರೆ ಅಳಿಯಲಿಲ್ಲ. ಗಂಡ ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರದಲ್ಲೋ ದುಡಿಯುತ್ತಿದ್ದು, ಹೆಂಡತಿ ಕಾಪುವಿನ ತಾಯಿಮನೆಯಲ್ಲಿ ಮಗುವನ್ನು ಅಜ್ಜಿಗೆ ಒಪ್ಪಿಸಿ ಕಾಲೇಜಿಗೆ ಹೋಗುವುದು ಈ ಕರಾವಳಿಗೆ ಅಪರಿಚಿತ ಚಿತ್ರವೇನಲ್ಲ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಗಂಡನ ವಿಳಾಸವನ್ನು ಕೇಳುತ್ತದೆ. ಅನ್ನ ಬೇಯುವುದು ತಾಯಿಯ ಒಲೆಯಲ್ಲಿ.

ಪಡಿತರ ಚೀಟಿಯಲ್ಲಿ ಇದೇ ಸಮಸ್ಯೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು 18 ವರ್ಷ ತುಂಬಿದ ಹಿರಿಯ ಮಹಿಳೆಯನ್ನು ಚೀಟಿಯ ಮಟ್ಟಿಗೆ ಕುಟುಂಬದ ಮುಖ್ಯಸ್ಥೆಯೆಂದು ಗುರುತಿಸಿತು. ಸ್ತ್ರೀಯ ಸ್ಥಾನಮಾನದ ದೃಷ್ಟಿಯಿಂದ ಇದು ಮಹತ್ವದ ಹೆಜ್ಜೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯ ಮಾಸಿಕ 2000 ರೂಪಾಯಿ ಈ ಮುಖ್ಯಸ್ಥೆಗೆ ಸಲ್ಲುತ್ತದೆ. ಒಂದು ಚೀಟಿಗೆ ಒಬ್ಬಳೇ ಯಜಮಾನಿ. ಆದುದರಿಂದ ಓದುವ ತಾಯಿಯ ಹೆಸರು ತಾಯಿಯ ಚೀಟಿಯಲ್ಲಿದ್ದರೆ ಹಣ ತಾಯಿಗೆ, ಅತ್ತೆಯ ಚೀಟಿಯಲ್ಲಿದ್ದರೆ ಅತ್ತೆಗೆ. ಮಗುವನ್ನು ನೋಡಿಕೊಳ್ಳುವ ಅಜ್ಜಿಗೇ ಹಣ ಬಂದರೆ ಅದು ಪರೋಕ್ಷವಾಗಿ ಓದಿಗೆ ಒದಗುವುದುಂಟು. ಮಗು ಒಂದು ಮನೆಯಲ್ಲಿ, ಹೆಸರು ಇನ್ನೊಂದು ಮನೆಯ ಚೀಟಿಯಲ್ಲಿ ಇದ್ದಾಗ ಮಾತ್ರ ತೊಡಕು. ಮದುವೆಯಾದೊಡನೆ ಹೆಸರನ್ನು ಯಾವ ಚೀಟಿಯಿಂದ ಯಾವುದಕ್ಕೆ ವರ್ಗಾಯಿಸಬೇಕೆಂಬ ತೀರ್ಮಾನವನ್ನು ಸಾಮಾನ್ಯವಾಗಿ ಗಂಡಸರು ಲೋಕರೂಢಿಯಂತೆ ಕೈಗೊಳ್ಳುತ್ತಾರೆ. ಅದರ ಆರ್ಥಿಕ ಪರಿಣಾಮ ತಿಳಿಯುವುದು ಆಮೇಲೆ.

ಬೀಡಿ ಕಟ್ಟುವ ಹೆಂಗಸಿನ ಸ್ಥಿತಿ ಇನ್ನೂ ವಿಚಾರಾರ್ಹ. ಕಾರ್ಕಳ, ಕಾಪು ಭಾಗದ ಹಳ್ಳಿಗಳಲ್ಲಿ ಬ್ರಾಂಚಿನಿಂದ ಎಲೆ ಮತ್ತು ಹುಡಿ ತಂದು ಮನೆಯ ಚಾವಡಿಯಲ್ಲಿ ಕುಳಿತು ಮಾಡುವ ಈ ದುಡಿಮೆ ಹಲವು ತಲೆಮಾರುಗಳ ಶಾಲಾ ಶುಲ್ಕವನ್ನು ಭರಿಸಿದೆ. 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಕಾಯಿದೆಯ ಆಶ್ರಯದಲ್ಲಿ ವಿದ್ಯಾರ್ಥಿವೇತನ ಏರ್ಪಟ್ಟದ್ದು ಕಾರ್ಮಿಕರ ಮಕ್ಕಳಿಗಾಗಿ. ನಿಧಿಗೆ ಆಧಾರವಾಗಿದ್ದ ಸೆಸ್ 2017ರಲ್ಲಿ ಸರಕು ಮತ್ತು ಸೇವಾ ತೆರಿಗೆಯ ಆಗಮನದೊಂದಿಗೆ ರದ್ದಾಯಿತು. ಬೀಡಿ ಕಟ್ಟುತ್ತಲೇ ಪದವಿಗೆ ಸೇರಿದ ತಾಯಿ ಈ ಯೋಜನೆಯ ಕಣ್ಣಿಗೆ ವಿದ್ಯಾರ್ಥಿಯ ಪೋಷಕಿಯೇ ಹೊರತು ವಿದ್ಯಾರ್ಥಿನಿಯಲ್ಲ. ಅವಳ ಶ್ರಮದಿಂದ ಮಗುವಿಗೆ ಹಕ್ಕು ಹುಟ್ಟುತ್ತದೆ, ಅವಳಿಗೆ ಹುಟ್ಟುವುದಿಲ್ಲ.

ವಸತಿಯ ವಿಷಯದಲ್ಲಿಯೂ ಇಂತಹುದೇ ಊಹೆ ಕೆಲಸ ಮಾಡಿದೆ. ಸರಕಾರಿ ವಿದ್ಯಾರ್ಥಿನಿಲಯದ ಕೊಠಡಿ ಒಂಟಿ ವಿದ್ಯಾರ್ಥಿನಿಗೆ. ಅಲ್ಲಿ ತೊಟ್ಟಿಲಿಗೆ ಎಡೆಯಿಲ್ಲ. ಹಿಂದುಳಿದ ವರ್ಗದವರಲ್ಲಿ ನಿಲಯದ ಸೌಲಭ್ಯ ದೊರೆಯದವರಿಗಾಗಿ ರೂಪುಗೊಂಡ ವಿದ್ಯಾಸಿರಿಯಂತಹ ಯೋಜನೆ ಇಂಥವಳಿಗೆ ಹೆಚ್ಚು ಹೊಂದುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸುಗಳಿಗೆ ಸೀಮಿತ. ಹಿರಿಯಡಕ, ಬೈಲೂರು ಮಾರ್ಗವಾಗಿ ಕಾರ್ಕಳದ ಕಡೆಗಾಗಲಿ, ಕಟಪಾಡಿಯ ಮೂಲಕ ಕಾಪುವಿನ ಕಡೆಗಾಗಲಿ ಜನ ಬಹುಮಟ್ಟಿಗೆ ಅವಲಂಬಿಸಿರುವುದು ಖಾಸಗಿ ಬಸ್ಸುಗಳನ್ನು. ಘಟ್ಟದ ಮೇಲಿನ ವಿದ್ಯಾರ್ಥಿನಿಗೆ ಉಳಿಯುವ ಬಸ್ ದರ ಇಲ್ಲಿಯವಳ ಖರ್ಚಿನ ಪಟ್ಟಿಯಲ್ಲಿ ಹಾಗೆಯೇ ಇರುತ್ತದೆ.

ಶಿಶುಪಾಲನೆಯ ಹಕ್ಕಿನಲ್ಲಿಯೂ ವಿದ್ಯಾರ್ಥಿನಿ ಹೊರಗೆ. ಹೆರಿಗೆ ಸೌಲಭ್ಯ ಕಾಯಿದೆಯ 2017ರ ತಿದ್ದುಪಡಿಯು 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತು. ಅದು ನೌಕರಳಿಗೆ ಸಂದ ಹಕ್ಕು. ಅಧ್ಯಾಪಕಿಯ ಮಗುವಿಗೆ ಸಿಗುವ ತೊಟ್ಟಿಲು ಅವಳ ಶಿಷ್ಯೆಯ ಮಗುವಿಗೆ ಕಾನೂನಿನಂತೆ ಸಿಗಬೇಕಾಗಿಲ್ಲ. ಸಂಶೋಧನಾ ವಿದ್ಯಾರ್ಥಿನಿಯರಿಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2016ರ ನಿಯಮಗಳಲ್ಲಿ ಒಟ್ಟು 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆಗೆ ಅವಕಾಶ ಕಲ್ಪಿಸಿತು. ಪದವಿ, ಸ್ನಾತಕೋತ್ತರ ವಿದ್ಯಾರ್ಥಿನಿಯರ ಬಗೆಗೆ 2021ರ ಡಿಸೆಂಬರಿನಲ್ಲಿ ಹೊರಟ ಸುತ್ತೋಲೆಯು ಸೂಕ್ತ ನಿಯಮ ರೂಪಿಸುವ ಹೊಣೆಯನ್ನು ವಿಶ್ವವಿದ್ಯಾಲಯಗಳಿಗೇ ಬಿಟ್ಟಿತು. ಆದುದರಿಂದ ಗರ್ಭಿಣಿ ವಿದ್ಯಾರ್ಥಿನಿ ಹಾಜರಾತಿಯ ರಿಯಾಯಿತಿಯನ್ನು ತನ್ನ ವಿಶ್ವವಿದ್ಯಾಲಯದ ನಿಯಮದಲ್ಲಿ ಹುಡುಕಿ, ಲಿಖಿತವಾಗಿ ಪಡೆದುಕೊಳ್ಳುವುದು ಕ್ಷೇಮ. ಹಾಜರಾತಿ ತಪ್ಪಿದರೆ ಪರೀಕ್ಷೆಯೊಂದಿಗೆ ವಿದ್ಯಾರ್ಥಿವೇತನದ ನವೀಕರಣವೂ ಸಂಕಟಕ್ಕೆ ಸಿಲುಕುತ್ತದೆ.

ಇನ್ನುಳಿದುದು ಬ್ಯಾಂಕಿನ ವಿಚಾರ. ಚಿಕ್ಕದೆಂದು ಕಂಡರೂ ಅನೇಕರನ್ನು ಕಾಡುವಂಥದ್ದು. ಆಧಾರ್ ಆಧಾರಿತ ನೇರ ಪಾವತಿ ವಿದ್ಯಾರ್ಥಿನಿ ಅರ್ಜಿಯಲ್ಲಿ ಬರೆದ ಖಾತೆಗೇ ಹೋಗುತ್ತದೆಂಬ ಭರವಸೆಯಿಲ್ಲ. ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕ್ ಮತ್ತು 1925ರಲ್ಲಿ ಅಲ್ಲಿಯೇ ಹುಟ್ಟಿ, 1928ರಿಂದ ಪಿಗ್ಮಿಯ ಮೂಲಕ ಮನೆಬಾಗಿಲಿಗೆ ಬಂದು ಎರಡಾಣೆ ಸಂಗ್ರಹಿಸಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕ್ರಮವಾಗಿ ಯೂನಿಯನ್ ಮತ್ತು ಕೆನರಾ ಬ್ಯಾಂಕುಗಳಲ್ಲಿ ವಿಲೀನವಾದವು. ಮದುವೆಗೆ ಮುನ್ನ ತೆರೆದ ಹಳೆಯ ಪಾಸ್‌ಪುಸ್ತಕ, ಅಂಕಪಟ್ಟಿಯಲ್ಲೊಂದು ಮತ್ತು ಆಧಾರ್‌ನಲ್ಲಿ ಇನ್ನೊಂದು ಹೆಸರು, ಹೆರಿಗೆಯ ಸಹಾಯಧನಕ್ಕಾಗಿ ತೆರೆದ ಹೊಸ ಖಾತೆ ಇವೆಲ್ಲ ಕೂಡಿದಾಗ ಬರಬೇಕಾದ ಹಣ ಎಲ್ಲಿ ತಂಗಿದೆ ಎಂಬುದೇ ಒಂದು ಶೋಧನೆಯಾಗುತ್ತದೆ. ಪ್ರವೇಶಕ್ಕೆ ಮುನ್ನವೇ ಹೆಸರನ್ನು ಸರಿಪಡಿಸಿ, ಜೋಡಣೆಯಾದ ಖಾತೆ ಯಾವುದೆಂದು ಬ್ಯಾಂಕಿನಲ್ಲಿ ವಿಚಾರಿಸಿ, ಅನಂತರ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಹಾಕುವ ಕ್ರಮವನ್ನು ಅನುಸರಿಸಿದವರಿಗೆ ಅಲೆದಾಟ ಕಡಿಮೆ.

ಪದವಿ ಮುಗಿದ ಮೇಲೂ ಈ ಲೆಕ್ಕಾಚಾರ ಮುಗಿಯುವುದಿಲ್ಲ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಪಾವತಿ ಆರಂಭಿಸಿದ ಯುವನಿಧಿಯು ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿಯನ್ನು ಗೊತ್ತುಮಾಡಿತು. ಉನ್ನತ ವ್ಯಾಸಂಗ ಮುಂದುವರಿಸುವವರನ್ನು ಅದರಿಂದ ಹೊರಗಿರಿಸಿತು. ಸ್ನಾತಕೋತ್ತರ ತರಗತಿಯ ಅರ್ಜಿಯನ್ನು ಕೈಯಲ್ಲಿ ಹಿಡಿದ ತಾಯಿ ಆ ಮೊತ್ತವನ್ನು ಮಗುವಿನ ಹಾಲಿನ ಲೆಕ್ಕದೊಂದಿಗೆ ತೂಗಿ ನೋಡಬೇಕಾಗುತ್ತದೆ.