ವೈರಸ್ ಎಂದರೆ ಲ್ಯಾಟಿನ್‌ನಲ್ಲಿ ‘ವಿಷ’. ಹಾಗಾದರೆ ಅದು ಹರಡುವುದಿಲ್ಲವೇ?

“ವೈರಸ್ ಲ್ಯಾಟಿನ್ ಪದ. ಅರ್ಥ ವಿಷ. ವಿಷ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆದ್ದರಿಂದ ವೈರಸ್ ಹರಡುತ್ತದೆ ಎನ್ನುವುದೇ ಸುಳ್ಳು.” ಇಂಥ ಮೆಸೇಜ್ ನಿಮಗೂ ಬಂದಿದ್ದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ. ಪದದ ಅರ್ಥ ಸರಿಯಿದೆ, ತೀರ್ಮಾನ ತಪ್ಪು.

ಪದ ಎಲ್ಲಿಂದ ಬಂತು?

ಲ್ಯಾಟಿನ್‌ನ ‘ವೀರುಸ್’ ಎಂದರೆ ವಿಷ ಅಥವಾ ಲೋಳೆಯಂಥ ದ್ರವ. ಸಂಸ್ಕೃತದಿಂದ ಕನ್ನಡಕ್ಕೆ ಬಂದ ‘ವಿಷ’ ಇದರ ದೂರದ ಬಂಧು. ಎರಡರ ಮೂಲವೂ ಒಂದೇ. ಲ್ಯಾಟಿನ್‌ನಲ್ಲಿ ಎರಡು ಸ್ವರಗಳ ನಡುವಿನ ‘ಸ’ ಕಾಲಕ್ರಮೇಣ ‘ರ’ ಆಯಿತು.

‘ಉಸ್’ ಎಂದು ಮುಗಿಯುವ ಲ್ಯಾಟಿನ್ ನಾಮಪದಗಳಲ್ಲಿ ಹೆಚ್ಚಿನವು ಪುಲ್ಲಿಂಗ. ಇದು ಅಪವಾದ, ನಪುಂಸಕಲಿಂಗ. ನೀರು, ಹಾಲಿನಂತೆ ಎಣಿಸಲಾಗದ ವಸ್ತುವಿನ ಹೆಸರಾದ್ದರಿಂದ ಹಳೆಯ ಲ್ಯಾಟಿನ್ ಗ್ರಂಥಗಳಲ್ಲಿ ಇದಕ್ಕೆ ಬಹುವಚನವೇ ಸಿಗುವುದಿಲ್ಲ. ಇಂದು ನಾವು ‘ವೈರಸ್‌ಗಳು’ ಎನ್ನುತ್ತೇವೆ, ಏಕೆಂದರೆ ಪದ ಹಳೆಯದಾದರೂ ಅದು ಸೂಚಿಸುವ ವಸ್ತು ಬದಲಾಗಿದೆ.

ಬದಲಾದದ್ದು ಹೇಗೆ?

1898ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿ ಮಾರ್ಟಿನಸ್ ಬೈಯರಿಂಕ್ ರೋಗ ಬಂದ ತಂಬಾಕು ಗಿಡದ ರಸವನ್ನು ಬ್ಯಾಕ್ಟೀರಿಯಾ ದಾಟಲಾಗದ ಪಿಂಗಾಣಿ ಶೋಧಕದಲ್ಲಿ ಸೋಸಿದರು. ಆ ರಸದಿಂದ ಆರೋಗ್ಯವಂತ ಗಿಡಕ್ಕೂ ರೋಗ ಬಂತು. ಅದರ ರಸದಿಂದ ಮತ್ತೊಂದಕ್ಕೂ ಬಂತು. ವಿಷವಾಗಿದ್ದರೆ ಗಿಡದಿಂದ ಗಿಡಕ್ಕೆ ತೆಳುವಾಗುತ್ತಾ ಹೋಗಬೇಕಿತ್ತು. ಆಗಲಿಲ್ಲ. ಅಂದರೆ ಅದು ಗಿಡದೊಳಗೆ ಹೆಚ್ಚುತ್ತಿತ್ತು. ಇದಕ್ಕೆ ಅವರು ‘ವೈರಸ್’ ಎಂಬ ಹಳೆಯ ಪದವನ್ನೇ ಬಳಸಿದರು.

ನಮ್ಮ ಹೊಲದಲ್ಲೇ ನೋಡಿ

ಆಳಂದ, ಅಫಜಲಪುರ, ಜೇವರ್ಗಿಯ ತೊಗರಿ ಬೆಳೆಗಾರರಿಗೆ ಗೊಡ್ಡು ರೋಗ ಗೊತ್ತು. ಗಿಡ ಹಸಿರಾಗಿ ಪೊದೆಯಂತೆ ಬೆಳೆಯುತ್ತದೆ, ಹೂವಿಲ್ಲ, ಕಾಯಿಲ್ಲ. ಇದೂ ವೈರಸ್ ರೋಗವೇ. ಕಣ್ಣಿಗೆ ಕಾಣದ ನುಸಿಗಳು ಗಾಳಿಯಲ್ಲಿ ತೇಲಿ ಗಿಡದಿಂದ ಗಿಡಕ್ಕೆ ಹರಡುತ್ತವೆ. ಶಿಲೀಂಧ್ರನಾಶಕ ಹೊಡೆದರೆ ಹಣ ವ್ಯರ್ಥ. ರೋಗದ ಗಿಡಗಳನ್ನು ಬೇಗ ಕಿತ್ತುಹಾಕುವುದು, ನುಸಿ ನಿಯಂತ್ರಣ, ಬಿಎಸ್‌ಎಂಆರ್-736ರಂಥ ನಿರೋಧಕ ತಳಿ ಇವೇ ದಾರಿ.

ಮನುಷ್ಯರ ವಿಷಯದಲ್ಲಿ ತಪ್ಪು ತಿಳಿವಳಿಕೆಯ ಬೆಲೆ ಇನ್ನೂ ದೊಡ್ಡದು. 2020ರ ಮಾರ್ಚ್‌ನಲ್ಲಿ ಭಾರತದಲ್ಲಿ ದೃಢಪಟ್ಟ ಮೊದಲ ಕೋವಿಡ್ ಸಾವು ಕಲಬುರಗಿಯವರದೇ.

ತೀರ್ಮಾನ: ‘ವೈರಸ್’ ಪದಕ್ಕೆ ಲ್ಯಾಟಿನ್‌ನಲ್ಲಿ ವಿಷ ಎಂಬ ಅರ್ಥವಿರುವುದು ನಿಜ. ‘ಅದಕ್ಕೇ ಹರಡದು’ ಎಂಬುದು ಸುಳ್ಳು. ಗೊಡ್ಡು ರೋಗ ಎಂಬ ಹೆಸರು ನುಸಿಯ ಬಗ್ಗೆ ಏನೂ ಹೇಳುವುದಿಲ್ಲ. ಆದರೂ ರೋಗ ಹರಡುವುದು ನುಸಿಯಿಂದಲೇ.