ಹೊಲಕ್ಕೆ ಹೋಗುವ ದಾರಿ ಪತ್ರದಲ್ಲಿದೆಯೇ?

ಮೃಗಶಿರಾ ಮಳೆ ಬೀಳುತ್ತಿದ್ದಂತೆ ನಮ್ಮ ತಾಲ್ಲೂಕು ಕೋರ್ಟಿಗೆ ದಾರಿಯ ತಕರಾರು ಹೊತ್ತು ಬರುವ ರೈತರು ಹೆಚ್ಚುತ್ತಾರೆ. ಬೇಸಿಗೆಯ ಖಾಲಿ ಹೊಲದಲ್ಲಿ ಯಾರು ಓಡಾಡಿದರೂ ಕೇಳುವವರಿಲ್ಲ. ಬಿತ್ತನೆಗೆ ಟ್ರ್ಯಾಕ್ಟರ್ ಬರುವ ದಿನವೇ ಬದುವಿಗೆ ಮುಳ್ಳು ಬಿದ್ದಿರುತ್ತದೆ. “ಅಜ್ಜನ ಕಾಲದಿಂದ ಇಲ್ಲೇ ಓಡಾಡೀವಿ ಸಾಹೇಬ್ರೆ” ಅನ್ನುತ್ತಾರೆ. ಅವರ ಸಂಕಟ ನಿಜ. ಆದರೂ ವಕೀಲನಾಗಿ ನಾನು ಮೊದಲು ಕೇಳಬೇಕಾದ ಪ್ರಶ್ನೆ: ಓಡಾಡಿದ್ದು ಹಕ್ಕಿನಿಂದಲೋ, ಹೊಲದ ಮಾಲೀಕರನ್ನು ಕೇಳಿಕೊಂಡೋ?

1882ರ ಈಸ್‌ಮೆಂಟ್ಸ್ ಕಾಯ್ದೆಯ ಪ್ರಕಾರ, ಖಾಸಗಿ ಜಮೀನಿನ ದಾರಿಯನ್ನು 20 ವರ್ಷ ಬಹಿರಂಗವಾಗಿ, ತಂಟೆಯಿಲ್ಲದೆ, ಎಡೆಬಿಡದೆ, ಹಕ್ಕೆಂದೇ ಬಳಸಿದ್ದರೆ ಹಕ್ಕು ಸಿಗುತ್ತದೆ. ಸರ್ಕಾರಿ ಜಮೀನಾದರೆ 30 ವರ್ಷ. ಆದರೆ “ಹೋಗಪ್ಪಾ, ಅದಕ್ಕೇನು” ಎಂದು ಒಪ್ಪಿ ಬಿಟ್ಟುಕೊಟ್ಟ ದಾರಿ 50 ವರ್ಷವಾದರೂ ಬರೀ ಒಪ್ಪಿಗೆಯೇ. ಆ ಹೊಲ ಮಾರಾಟವಾದರೆ, ಕೊಂಡವರು ಹಳೆಯವರ ಒಪ್ಪಿಗೆಗೆ ಬದ್ಧರಲ್ಲ. ಇನ್ನೊಂದು ಮಾತು: ಬಳಕೆಯಿಂದ ಬಂದ ಹಕ್ಕು ಸಾಧಿಸಬೇಕಾದವರು ದಾರಿ ಮುಚ್ಚಿದ ಎರಡು ವರ್ಷದೊಳಗೆ ದಾವೆ ಹೂಡಬೇಕು. ಹಿರಿಯರ ಸಮ್ಮುಖದಲ್ಲಿ ಬಗೆಹರಿಸೋಣ ಎನ್ನುತ್ತಲೇ ಎರಡು ಸುಗ್ಗಿ ಕಳೆದುಹೋಗುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಹೊಲ ಬಿಟ್ಟುಕೊಡುವವನ ಕಷ್ಟವೂ ಸಣ್ಣದಲ್ಲ; ಸವೆದ ನೆಲದಲ್ಲಿ ಅವನಿಗೆ ಬೆಳೆಯಿಲ್ಲ. ಹಾಗಾಗಿ ಕಾಯ್ದೆ ಅವನನ್ನೂ ಕಾಯುತ್ತದೆ. ನಡೆದಾಡುವ ಹಕ್ಕಿದ್ದವರು ಅಲ್ಲಿ ಟ್ರ್ಯಾಕ್ಟರ್ ಓಡಿಸುವಂತಿಲ್ಲ. ದಾರಿಯ ನೆಲ ಅವನದೇ ಆಗಿರುತ್ತದೆ.

ಹೆಚ್ಚಿನ ಜಗಳ ಹುಟ್ಟುವುದು ಅಣ್ಣತಮ್ಮಂದಿರ ಪಾಲಿನಲ್ಲಿ. ರಸ್ತೆ ಬದಿಯ ತುಂಡು ಅಣ್ಣನಿಗೆ, ಹಿಂದಿನದು ತಮ್ಮನಿಗೆ. ತಮ್ಮನಿಗೆ ಬೇರೆ ದಾರಿಯೇ ಇಲ್ಲದಿದ್ದರೆ ಅಣ್ಣನ ಪಾಲಿನ ಮೂಲಕ ಹೋಗುವ ಹಕ್ಕನ್ನು ಕಾನೂನು ಕೊಡುತ್ತದೆ. ಅಂಥ ದಾರಿ ಎಲ್ಲಿ ಹಾಯಬೇಕೆಂದು ಗುರುತಿಸುವ ಅಧಿಕಾರ ಅಣ್ಣನದು, ಅದು ತಮ್ಮನಿಗೂ ಅನುಕೂಲವಾಗಿರಬೇಕು. ಬೇರೆ ರಸ್ತೆ ಬಂದು ಅಗತ್ಯ ತೀರಿದರೆ ಈ ಹಕ್ಕೂ ಮುಗಿಯಿತು. ಸುತ್ತಲಿನ ಯಾವ ಹೊಲದವರ ಮೇಲಾದರೂ ಈ ಹಕ್ಕು ಸಾಧಿಸಬಹುದೆಂದು ಹಲವರು ನಂಬಿದ್ದಾರೆ. ಹಾಗಿಲ್ಲ, ಒಂದೇ ಜಮೀನು ಒಡೆದು ಎರಡಾಗಿದ್ದರೆ ಮಾತ್ರ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಜಮೀನು ಕೊಳ್ಳುವ ಮುನ್ನ ಗ್ರಾಮ ನಕಾಶೆ ತೆಗೆಸಿ, ಆ ಸರ್ವೆ ನಂಬರಿಗೆ ಕಾಲುದಾರಿಯೋ ಬಂಡಿದಾರಿಯೋ ಇದೆಯೇ ನೋಡಿ. ವಿಭಾಗ ಪತ್ರದಲ್ಲಿ ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆಸಿ ಸುಮ್ಮನಾಗಬೇಡಿ. ದಾರಿ ಎಲ್ಲಿಂದ ಎಲ್ಲಿಗೆ, ಎಷ್ಟು ಅಡಿ ಅಗಲ, ಟ್ರ್ಯಾಕ್ಟರಿಗೋ ಕಾಲ್ನಡಿಗೆಗೋ, ಮುಂದೆ ಕೊಳ್ಳುವವರಿಗೂ ಅನ್ವಯಿಸುತ್ತದೆಯೇ ಎಂಬುದೆಲ್ಲ ಪತ್ರದಲ್ಲಿರಲಿ. ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿರುವಾಗಲೇ ಇದನ್ನು ಬರೆಸಿ ನೋಂದಣಿ ಮಾಡಿಸಿ.