ಪಾತ್ರಕ್ಕೆ ಒಪ್ಪುವ ದಿವ್ಯವಸ್ತು

ಬಯಲಾಟದ ರಂಗಸ್ಥಳವನ್ನು ಪಾತ್ರವೊಂದು ಪ್ರವೇಶಿಸಿದೊಡನೆ ಸಾರಥಿಯು ಅದನ್ನು ತಡೆದು, ಹೆಸರೇನು, ಊರು ಯಾವುದು, ಬಂದ ಕಾರಣವೇನು ಎಂದು ವಿಚಾರಿಸುವ ಪದ್ಧತಿಯು ಉತ್ತರ ಕರ್ಣಾಟಕದ ದೊಡ್ಡಾಟಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ವೇಷಧಾರಿಯು ಬಾಯಿಬಿಡುವುದಕ್ಕೆ ಮುಂಚೆಯೇ ಅವನ ಕೈಯಲ್ಲಿರುವ ವಸ್ತುವು ಉತ್ತರದ ಅರ್ಧ ಭಾಗವನ್ನು ಹೇಳಿಬಿಟ್ಟಿರುತ್ತದೆ. ಗದೆಯನ್ನು ಹೆಗಲಮೇಲಿಟ್ಟು ಬಂದವನು ಭೀಮನೋ ದುರ್ಯೋಧನನೋ ಆಗಿರಬೇಕು. ಬಿಲ್ಲನ್ನು ಹಿಡಿದವನು ಅರ್ಜುನನೋ ಕರ್ಣನೋ ಆಗಿರಬೇಕು. ಹಾಗಾದರೆ ಒಂದು ಪಾತ್ರಕ್ಕೆ ದಿವ್ಯವಸ್ತುವನ್ನು ಆರಿಸುವವರು ಮೊದಲು ಗಮನಿಸತಕ್ಕದ್ದು ಯಾವುದು? ಆ ವಸ್ತುವಿನ ಶಕ್ತಿಯೆ, ಅದರ ಅಂದವೆ, ಅಥವಾ ಬೇರೆ ಏನಾದರೂ ಉಂಟೆ? ಈ ಪ್ರಶ್ನೆಯು ಬರಿಯ ವೇಷಭೂಷಣಕ್ಕೆ ಸಂಬಂಧಪಟ್ಟುದೆಂದು ಮೇಲ್ನೋಟಕ್ಕೆ ತೋರಿದರೂ, ವಿಚಾರಿಸಿ ನೋಡಿದಲ್ಲಿ ಕಥೆಯ ಮರ್ಮವನ್ನೇ ಮುಟ್ಟುತ್ತದೆ.

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿಗೆ ಸೇರಿದ ಹನುಮಸಾಗರದ ಸುತ್ತಣ ಸೀಮೆಯು ಈ ವಿಚಾರಕ್ಕೆ ಬೇಕಾದ ಸಾಮಗ್ರಿಯನ್ನು ಹೇರಳವಾಗಿ ಒದಗಿಸುತ್ತದೆ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರದಿಂದ ದೇವತಾಮೂರ್ತಿಗಳನ್ನೂ ಗೊಂಬೆಗಳನ್ನೂ ಕೆತ್ತಿ, ಹುಣಿಸೆಬೀಜದ ಸರಿಯಿಂದ ಬೆಸೆದು, ಬಣ್ಣ ಹಾಕುವರು. ಅದೇ ಜಿಲ್ಲೆಯ ಮೊರನಾಳದಲ್ಲಿ ತೊಗಲುಗೊಂಬೆಯಾಟವು ಉಳಿದುಬಂದಿದೆ. ಆ ಊರಿನ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತಮ್ಮ ತೊಂಬತ್ತಾರನೆಯ ವಯಸ್ಸಿನಲ್ಲಿ, 2025ರಲ್ಲಿ, ಪದ್ಮಶ್ರೀ ಪ್ರಶಸ್ತಿಯು ದೊರೆಯಿತು. ಬಯಲಾಟದ ನಟನು ಈ ಹೊತ್ತು ಹಿಡಿದ ಕತ್ತಿಯನ್ನು ನಾಳೆ ಬದಲಾಯಿಸಬಹುದು. ಬಡ ಮೇಳಗಳಲ್ಲಿ ಒಂದೇ ಮರದ ಕತ್ತಿಯು ಹಲವು ಅರಸರ ಕೈಗಳನ್ನು ಸುತ್ತಿಬರುವುದೂ ಉಂಟು. ತೊಗಲುಗೊಂಬೆಯಲ್ಲಿ ಈ ಅನುಕೂಲವಿಲ್ಲ. ಅನೇಕ ಗೊಂಬೆಗಳಲ್ಲಿ ಆಯುಧವೂ ದೇಹವೂ ಒಂದೇ ತೊಗಲಿನಲ್ಲಿ ಕತ್ತರಿಸಲ್ಪಟ್ಟಿರುವುವು. ಗೊಂಬೆಯನ್ನು ಮಾಡಿದವನು ಒಮ್ಮೆ ಆರಿಸಿದರೆ ಆರಿಸಿದಂತೆಯೇ ಸರಿ. ಪಾತ್ರವೂ ವಸ್ತುವೂ ಅಲ್ಲಿಂದ ಮುಂದೆ ಬೇರೆಯಾಗಲಾರವು. ಹೀಗೆ ಬೇರ್ಪಡಿಸಲಾಗದ ಸಂಬಂಧವೇ ಒಳ್ಳೆಯ ಆಯ್ಕೆಯ ಮೊದಲನೆಯ ಲಕ್ಷಣವೆನ್ನಬಹುದು.

ಊರಿನ ಹೆಸರಿನಲ್ಲಿಯೇ ಇರುವ ಹನುಮನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಗಂಗಾವತಿಯ ಕಡೆಯ ಅಂಜನಾದ್ರಿಯು ಅವನ ಜನ್ಮಸ್ಥಳವೆಂದು ಇಲ್ಲಿಯವರ ನಂಬಿಕೆ. ಇಂದಿನ ಚಿತ್ರಪಟಗಳಲ್ಲಿ ಹನುಮನೆಂದರೆ ಗದೆಯು ತಪ್ಪದು. ಆದರೆ ವಾಲ್ಮೀಕಿಯ ಸುಂದರಕಾಂಡದಲ್ಲಿ ಅವನು ಕಡಲನ್ನು ದಾಟುವಾಗ ಗದೆಯನ್ನು ಒಯ್ಯುವುದಿಲ್ಲ. ರಾಮನ ಹೆಸರುಳ್ಳ ಉಂಗುರವನ್ನು ಒಯ್ಯುವನು. ಯುದ್ಧವು ಒದಗಿದಾಗ ಮರವನ್ನೋ ಬಾಗಿಲ ಅಗುಳಿಯನ್ನೋ ಕಿತ್ತುಕೊಂಡು ಹೋರಾಡುವನು. ಉಂಗುರದಲ್ಲಿ ಯಾವ ಮಾಯಾಶಕ್ತಿಯೂ ಇಲ್ಲ. ಆದರೂ ಕಪಟವೇಷಗಳಿಂದ ಬೆದರಿದ ಸೀತೆಯು, ಎದುರಿಗಿರುವ ಕಪಿಯು ರಾಮನ ದೂತನೆಂದು ನಂಬುವುದಕ್ಕೆ ಆ ಉಂಗುರವೇ ಬೇಕಾಯಿತು. ನೂರು ಯೋಜನ ಹಾರಬಲ್ಲವನಿಗೆ ಇನ್ನಷ್ಟು ಬಲವನ್ನು ಕೊಡುವ ವಸ್ತುವಿನಿಂದ ಏನು ಪ್ರಯೋಜನ? ಅವನಲ್ಲಿ ಇಲ್ಲದಿದ್ದುದು ಒಂದೇ, ಅಪರಿಚಿತೆಯ ವಿಶ್ವಾಸ. ಉಂಗುರವು ಅದನ್ನು ಒದಗಿಸಿತು. ತುಂಗಭದ್ರೆಯ ತೀರದಲ್ಲಿ ವ್ಯಾಸರಾಯರ ಸಂಪ್ರದಾಯಕ್ಕೆ ಸೇರಿದ ಹನುಮಂತನ ವಿಗ್ರಹಗಳನ್ನು ನೋಡಿದವರಿಗೂ ಇದು ಹೊಳೆಯದಿರದು. ಅವುಗಳಲ್ಲಿ ಒಂದು ಕೈ ಮೇಲೆತ್ತಿರುವುದು, ಮತ್ತೊಂದರಲ್ಲಿ ಸೌಗಂಧಿಕಾಪುಷ್ಪವಿರುವುದು, ಬಾಲದಲ್ಲಿ ಗಂಟೆ ಕಟ್ಟಿರುವುದು. ಹನುಮ ಭೀಮರಿಬ್ಬರೂ ವಾಯುವಿನ ಅವತಾರಗಳೆಂದು ಎಣಿಸುವ ಮಾಧ್ವರಿಗೆ ಆ ಹೂವು ಭೀಮನ ಕಥೆಯನ್ನು ನೆನಪಿಗೆ ತರುತ್ತದೆ. ಶಿಲ್ಪಿಯು ಗದೆಯನ್ನು ಬಿಟ್ಟು ಹೂವನ್ನು ಆರಿಸಿದುದು ಬಹು ಉಚಿತವಾಗಿದೆ.

ಎರಡನೆಯ ಲಕ್ಷಣವು ಇದಕ್ಕಿಂತ ಗಹನವಾದುದು: ವಸ್ತುವಿನೊಡನೆ ಒಂದು ಕಟ್ಟು ಇರಬೇಕು, ಆ ಕಟ್ಟು ಪಾತ್ರವನ್ನು ಇಕ್ಕಟ್ಟಿಗೆ ಸಿಕ್ಕಿಸಬೇಕು. ಗಾಂಡೀವದ ಕಥೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಖಾಂಡವದಹನದ ಕಾಲದಲ್ಲಿ ಅಗ್ನಿಯು ವರುಣನಿಂದ ಆ ಬಿಲ್ಲನ್ನು ಅರ್ಜುನನಿಗೆ ಕೊಡಿಸಿದನು. ಅದರ ಅಪ್ರತಿಹತವಾದ ಶಕ್ತಿಯನ್ನು ಎಲ್ಲರೂ ಬಲ್ಲರು. ಅದರ ವಿಷಯದಲ್ಲಿ ಅರ್ಜುನನು ಗುಟ್ಟಾಗಿ ಮಾಡಿಕೊಂಡಿದ್ದ ಪ್ರತಿಜ್ಞೆಯನ್ನು ಬಲ್ಲವರು ವಿರಳ. ಗಾಂಡೀವವನ್ನು ಬೇರೊಬ್ಬನಿಗೆ ಕೊಟ್ಟುಬಿಡು ಎಂದವರ ತಲೆಯನ್ನು ತರಿಯುವೆನೆಂಬುದೇ ಆ ಪ್ರತಿಜ್ಞೆ. ಕರ್ಣಪರ್ವದಲ್ಲಿ, ಕರ್ಣನ ಬಾಣಗಳಿಂದ ನೊಂದ ಧರ್ಮರಾಯನು ಬಿಡಾರದಲ್ಲಿ ಮಲಗಿರುವಾಗ, ತಮ್ಮನು ಕರ್ಣನನ್ನು ಕೊಂದೇ ಬಂದನೆಂದು ಹಿಗ್ಗಿ, ಕೊಂದಿಲ್ಲವೆಂದು ತಿಳಿದೊಡನೆ ಸಿಟ್ಟಿನಿಂದ ಆ ಮಾತನ್ನೇ ಆಡಿಬಿಡುವನು. ಅರ್ಜುನನು ಕತ್ತಿಯನ್ನು ಹಿರಿಯುವನು. ಹದಿನೇಳನೆಯ ದಿನದ ಯುದ್ಧದ ನಡುವೆ, ಶತ್ರುಗಳು ಮಾಡಲಾರದುದನ್ನು ಒಂದು ಬಿಲ್ಲಿನ ಅಭಿಮಾನವು ಮಾಡುವುದರಲ್ಲಿತ್ತು. ಕೃಷ್ಣನು ತಡೆದು, ಹಿರಿಯರನ್ನು ‘ನೀನು’ ಎಂದು ಏಕವಚನದಿಂದ ತುಚ್ಛೀಕರಿಸಿದರೆ ಕೊಂದುದಕ್ಕೆ ಸಮಾನವೆಂದು ಉಪಾಯವನ್ನು ಹೇಳುವನು. ಅರ್ಜುನನು ಅಣ್ಣನನ್ನು ಹಾಗೆ ಬಯ್ದು, ಬಯ್ದ ಪಶ್ಚಾತ್ತಾಪದಿಂದ ತನ್ನನ್ನೇ ಕೊಂದುಕೊಳ್ಳಲು ಹೊರಡುವನು. ಆತ್ಮಪ್ರಶಂಸೆಯೇ ಆತ್ಮಹತ್ಯೆಯೆಂದು ಕೃಷ್ಣನು ಮತ್ತೊಂದು ದಾರಿಯನ್ನು ತೋರಿಸುವನು. ಬಿಲ್ಲಿನಿಂದ ಒಂದು ಬಾಣವೂ ಹೊರಡಲಿಲ್ಲ. ಆದರೂ ಗಾಂಡೀವವು ಅರ್ಜುನನದೇ ಹೊರತು ಮತ್ತೊಬ್ಬನದಲ್ಲವೆಂಬುದು ಇಲ್ಲಿ ಗೊತ್ತಾಗುವಷ್ಟು ಯುದ್ಧವರ್ಣನೆಗಳಲ್ಲಿ ಎಲ್ಲಿಯೂ ಗೊತ್ತಾಗದು.

ಅದೇ ಬಿಲ್ಲನ್ನು ಅಜ್ಞಾತವಾಸದಲ್ಲಿ ಶಮೀವೃಕ್ಷದ ಮೇಲೆ ಅಡಗಿಸಿಟ್ಟು ಅರ್ಜುನನು ಬೃಹನ್ನಳೆಯಾದನು. ವಸ್ತುವನ್ನು ಕೆಳಗಿಟ್ಟಾಗಲೂ ಪಾತ್ರವು ಉಳಿಯಬೇಕು. ಕೆಳಗಿಡಲು ಬಾರದ ವಸ್ತುವು ಪಾತ್ರವನ್ನೇ ನುಂಗಿಬಿಡುವುದು. ವಿಜಯದಶಮಿಯ ದಿನ ಬನ್ನಿಯ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟು ಹಿರಿಯರಿಗೆ ನಮಸ್ಕರಿಸುವ ಈ ಸೀಮೆಯವರಿಗೆ ಶಮೀವೃಕ್ಷದ ಕಥೆಯನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಕರ್ಣನಿಗೆ ಇಂದ್ರನು ಕೊಟ್ಟ ಶಕ್ತ್ಯಾಯುಧವು ಒಂದೇ ಸಲ ಪ್ರಯೋಗಕ್ಕೆ ಬರತಕ್ಕದ್ದು. ಅರ್ಜುನನಿಗಾಗಿ ಕಾಯ್ದಿರಿಸಿದ ಅದು ಘಟೋತ್ಕಚನ ಮೇಲೆ ವ್ಯಯವಾಯಿತು. ಸೂರ್ಯನು ಧರ್ಮರಾಯನಿಗಿತ್ತ ಪಾತ್ರೆಯಾದರೋ ದ್ರೌಪದಿಯು ಉಣ್ಣುವವರೆಗೆ ಮಾತ್ರ ಅಕ್ಷಯ. ಅವಳು ಉಂಡ ಮೇಲೆ ದೂರ್ವಾಸನು ಬಂದುದರಿಂದಲೇ ಕಥೆ ಹುಟ್ಟಿತು. ಎಣಿಕೆಯಿಲ್ಲದ ಶಕ್ತಿಯಿಂದ ಇಂಥ ಕಥೆ ಹುಟ್ಟುತ್ತಿರಲಿಲ್ಲ. ಕಾಳಿದಾಸನು ಇದನ್ನು ಚೆನ್ನಾಗಿ ಅರಿತಿದ್ದನು. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ಉಂಗುರವಿಲ್ಲ. ನಾಟಕದಲ್ಲಿ ಉಂಗುರವನ್ನೂ ಅದು ಕಳೆದುಹೋಗುವ ಸಂದರ್ಭವನ್ನೂ ಅವನು ಕಲ್ಪಿಸಿದನು. ದುಷ್ಯಂತನ ಮರವೆಯು ಬರಿಯ ದುಷ್ಟತನವಾಗದೆ ಉಳಿದುದು ಆ ಸಣ್ಣ ಉಂಗುರದ ಉಪಕಾರ.

ಮಾಯಾಶಕ್ತಿಯೇ ಇಲ್ಲದ ವಸ್ತುವು ದಿವ್ಯವಸ್ತುವಿನ ಕೆಲಸವನ್ನು ಮಾಡಬಹುದೆಂಬುದಕ್ಕೆ ಈ ಜಿಲ್ಲೆಯ ಕಥೆಯೊಂದೇ ಸಾಕು. ಗಂಗಾವತಿಯ ಸೀಮೆಯ ಕುಮ್ಮಟದುರ್ಗವನ್ನು ಆಳಿದ ಕಂಪಿಲರಾಯನ ಮಗ ಕುಮಾರರಾಮನು ಗೆಳೆಯರೊಡನೆ ಚೆಂಡಾಡುತ್ತಿದ್ದಾಗ ಚೆಂಡು ಮಲತಾಯಿಯಾದ ರತ್ನಾಜಿಯ ಅರಮನೆಯಲ್ಲಿ ಬಿದ್ದಿತು. ತರಲು ಹೋದವನನ್ನು ಅವಳು ಮೋಹಿಸಿದಳು. ಅವನು ತಾಯಿಯೆಂದು ನಿರಾಕರಿಸಿದನು. ಅವಳು ಅರಸನಲ್ಲಿ ಸುಳ್ಳು ದೂರಿತ್ತಳು. ಅರಸನು ಮಗನ ತಲೆಯನ್ನು ಕೇಳಿದನು. ಮಂತ್ರಿಯಾದ ಬೈಚಪ್ಪನು ರಾಮನನ್ನು ಅಡಗಿಸಿ ಬೇರೊಂದು ತಲೆಯನ್ನು ತೋರಿಸಿದನು. 1327ರ ಸುಮಾರಿನಲ್ಲಿ ದೆಹಲಿಯ ಮಹಮ್ಮದ್ ತುಘಲಕನ ಸೈನ್ಯದಿಂದ ಈ ರಾಜ್ಯವು ನಾಶವಾದುದು ಇತಿಹಾಸ; ಚೆಂಡಿನ ವೃತ್ತಾಂತವು ಕವಿಗಳೂ ಜನಪದರೂ ಉಳಿಸಿಕೊಂಡುಬಂದ ಕಥೆ. ಅಸಾಧಾರಣ ವೀರನೆಂದು ಹೆಸರಾದವನಿಗೆ ಕತ್ತಿಯನ್ನಲ್ಲ, ಆಟದ ಚೆಂಡನ್ನು ಕಥೆಗಾರರು ಆರಿಸಿದರು. ಅದರಲ್ಲಿ ಅವನ ಎಳೆತನವಿದೆ, ನಿಷ್ಕಪಟತೆಯಿದೆ, ಕಾಲಿಡಬಾರದಲ್ಲಿಗೆ ಕರೆದೊಯ್ಯುವ ಕಾರಣವೂ ಇದೆ. ಮಂತ್ರಿಸಿದ ಖಡ್ಗವೊಂದನ್ನು ಅದರ ಸ್ಥಾನದಲ್ಲಿಟ್ಟು ನೋಡಿದರೆ ಕಥೆಯು ಮುಂದೆ ಸಾಗುವುದೇ ಇಲ್ಲ.

ಈ ವಿಚಾರವು ಹಳೆಯ ಆಟಗಳಿಗೆ ಮಾತ್ರ ಸಲ್ಲತಕ್ಕದ್ದಲ್ಲ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಕ್ರೀಡೆಯನ್ನು ಪ್ರಕಟಿಸಿದ ತರುವಾಯ, ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಕಲ್ಪಿತಪಾತ್ರವನ್ನು ವಹಿಸಿ ಮಾತಿನಿಂದಲೇ ಕಥೆಯನ್ನು ನಡೆಸುವ ಆಟಗಳು ಲೋಕದಲ್ಲೆಲ್ಲ ಹಬ್ಬಿವೆ. ಅಲ್ಲಿಯೂ ಒಬ್ಬ ನಿರ್ವಾಹಕನಿರುವನು. ಬಯಲಾಟವನ್ನು ಬಲ್ಲವರು ಅವನನ್ನು ಸಾರಥಿಯೆಂದು ಕೂಡಲೆ ಗುರುತಿಸುವರು. ಅಲ್ಲಿಯೂ ಆಟಗಾರರು ತಮ್ಮ ಪಾತ್ರಕ್ಕೆ ಒಂದು ಮಾಂತ್ರಿಕವಸ್ತುವನ್ನು ಬಯಸುವರು. ಅನೇಕರು ಇದ್ದುದರಲ್ಲಿ ಹರಿತವಾದ ಕತ್ತಿಯನ್ನೇ ಕೇಳುವರು. ಅಂಥ ಕತ್ತಿಯು ಅದಕ್ಕಿಂತ ಹರಿತವಾದ ಇನ್ನೊಂದು ದೊರೆಯುವವರೆಗೆ ಮಾತ್ರ ಬಾಳುತ್ತದೆ.

ಹನುಮಸಾಗರಕ್ಕೆ ಸಮೀಪವಾದ ಇಳಕಲ್ಲಿನ ನೇಕಾರಿಕೆಯಿಂದ ಒಂದು ಪಾತ್ರವನ್ನು ಕಲ್ಪಿಸಿ ನೋಡಬಹುದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವರು. ಸೆರಗು ಸಾಮಾನ್ಯವಾಗಿ ಕೆಂಪು ರೇಷ್ಮೆಯದು. ನೇಕಾರರ ಮಗಳೊಬ್ಬಳು ತೀರಿಹೋದ ತಾಯಿಯ ಸೀರೆಯೊಂದನ್ನು ಹೊತ್ತು ದೇಶಾಂತರಕ್ಕೆ ಹೊರಟಿರುವಳೆಂದಿಟ್ಟುಕೊಂಡರೆ, ಆ ಸೆರಗಿನ ಎಳೆಯಿಂದ ಕೊಂಡಿ ಹಾಕಿದ್ದೆಲ್ಲ ಕೂಡಿಕೊಳ್ಳುವುದು: ಹರಿದ ಹಗ್ಗವಾಗಲಿ, ಬಾಯ್ದೆರೆದ ಗಾಯವಾಗಲಿ, ಕಡಿದುಹೋದ ಸೇತುವೆಯಾಗಲಿ. ಆದರೆ ಹಿರಿದ ಎಳೆಯು ಮರಳಿ ಬಾರದು. ಕೊಟ್ಟವಳು ತಾಯಿ, ತೆರಬೇಕಾದ ಬೆಲೆ ಅವಳ ಕಡೆಯ ಗುರುತು, ಪ್ರತಿಯೊಂದು ಉಪಕಾರಕ್ಕೂ ಸೆರಗು ಅಷ್ಟಷ್ಟು ಕಿರಿದಾಗುವುದು. ಗುರುತಿಲ್ಲದ ದಾರಿಹೋಕನೊಬ್ಬನು ಗಾಯಗೊಂಡು ಬಿದ್ದಿರುವಾಗ ಅವಳು ಎಳೆಯನ್ನು ಹಿರಿಯುವಳೋ ಇಲ್ಲವೋ ಎಂಬುದರಿಂದ ಅವಳು ಎಂಥವಳೆಂಬುದು ಹೊರಬೀಳುವುದು. ಆಟದ ನಿರ್ವಾಹಕನು ಅಂಥ ಸಮಯದಲ್ಲಿ ಆ ವಸ್ತುವಿನ ಬಲವೆಷ್ಟೆಂದು ಲೆಕ್ಕಹಾಕುತ್ತ ಕುಳಿತಿರಬೇಕಾದುದಿಲ್ಲ. ಸಾರಥಿಯಂತೆ ಎದುರು ನಿಂತು, ಸೆರಗಿನಲ್ಲಿ ಇನ್ನು ಎಷ್ಟು ಎಳೆ ಉಳಿದಿವೆಯೆಂದು ಕೇಳಿದರೆ ಸಾಕು.